ಚೀಟಿಯನ್ನೂ ತನ್ನಿ, ಮಾತನ್ನೂ ಬರೆಸಿ



ಮೊಳಕಾಲ್ಮೂರಿನ ಮಗ್ಗದಲ್ಲಿ ಒಂದು ಎಳೆ ತಪ್ಪಿದರೆ ಸೀರೆ ಕೆಡುತ್ತದೆ. ಚಿಕಿತ್ಸೆಯಲ್ಲಿ ಒಂದು ಮಾಹಿತಿ ತಪ್ಪಿದರೆ ಜೀವಕ್ಕೇ ಅಪಾಯ. ಅಲ್ಲಿ ಒಗ್ಗದ ಔಷಧಿ ಯಾವುದೆಂದು ಚಳ್ಳಕೆರೆಯ ವೈದ್ಯರಿಗೆ ತಿಳಿಯುವುದು ಹೇಗೆ? “ಬಿಳಿ ಮಾತ್ರೆ” ಎಂದರೆ ಸಾಲದು.

2021ರ ಸೆಪ್ಟೆಂಬರ್‌ನಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಡಿ 14 ಅಂಕಿಯ ಆಭಾ ಸಂಖ್ಯೆ ಉಚಿತವಾಗಿ ಸಿಗುತ್ತದೆ, ಕಡ್ಡಾಯವಲ್ಲ. ಅದಕ್ಕೆ ಜೋಡಿಸಿದ ದಾಖಲೆಗಳನ್ನು ಬೇರೆ ಆಸ್ಪತ್ರೆಯವರು ನಿಮ್ಮ ಒಪ್ಪಿಗೆ ಪಡೆದೇ ನೋಡಬೇಕು.

ಆದರೆ ನೀವು ಹೇಳದ್ದು ಗಣಕಯಂತ್ರಕ್ಕೂ ತಿಳಿಯದು. ಹಳೆಯ ಚೀಟಿಗಳನ್ನು ಎಸೆಯದೆ ತನ್ನಿ. ಒಗ್ಗದ ಔಷಧಿ, ಸಕ್ಕರೆ ಕಾಯಿಲೆ, ಹಿಂದಿನ ಶಸ್ತ್ರಚಿಕಿತ್ಸೆ ಎಲ್ಲವನ್ನೂ ಮೊದಲೇ ಬರೆಸಿ. ರೋಗಿಗೆ ಪ್ರಜ್ಞೆ ಇಲ್ಲದಾಗ ಆ ಬರಹವೇ ಅವರ ಬಾಯಿ.