ನ್ಯಾನೋ ತಯಾರಿಕೆಯ ಎರಡು ದಾರಿಗಳು

(ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



‘ನ್ಯಾನೋ’ ಎಂಬ ಪದವು ಇಂದು ಗೊಬ್ಬರದ ಅಂಗಡಿಯವರೆಗೂ ಬಂದಿದೆ. ಒಂದು ಮಿಲಿಮೀಟರನ್ನು 10 ಲಕ್ಷ ಭಾಗ ಮಾಡಿದರೆ ಅದರಲ್ಲೊಂದು ಭಾಗವೇ ನ್ಯಾನೋಮೀಟರ್. ಸಾಮಾನ್ಯವಾಗಿ 1ರಿಂದ 100 ನ್ಯಾನೋಮೀಟರ್ ಗಾತ್ರದ ಕಣಗಳಿಗೆ ಈ ಹೆಸರು ಸಲ್ಲುತ್ತದೆ.

ಇಷ್ಟು ಕಿರಿದಾದುದನ್ನು ತಯಾರಿಸಲು ಎರಡು ದಾರಿಗಳಿವೆ. ಮೊದಲನೆಯದು ಒಡೆಯುವ ದಾರಿ. ಉಕ್ಕಿನ ಗುಂಡುಗಳಿರುವ ಗಿರಣಿಯಲ್ಲಿ ಖನಿಜವನ್ನು ಅರೆಯುವುದೂ, ಸಿಲಿಕಾನ್ ಬಿಲ್ಲೆಯ ಮೇಲೆ ಬೆಳಕಿನಿಂದ ನಕ್ಷೆ ಮೂಡಿಸಿ ಕಂಪ್ಯೂಟರ್ ಚಿಪ್ ಕೊರೆಯುವುದೂ ಈ ಬಗೆಯವು. ಎರಡನೆಯದು ಕಟ್ಟುವ ದಾರಿ. ಪರಮಾಣು, ಅಣುಗಳನ್ನು ಒಂದುಗೂಡಿಸಿ ಕಣವನ್ನು ಬೆಳೆಸುವುದು.

ಈ ಎರಡನೆಯ ದಾರಿಯ ತತ್ತ್ವ ಅಡಿಕೆ ಬೆಳೆಗಾರರಿಗೆ ಹೊಸತಲ್ಲ. 50 ಲೀಟರ್ ನೀರಿನಲ್ಲಿ ಕರಗಿಸಿದ 1 ಕಿಲೋ ಮೈಲುತುತ್ತನ್ನು, ಅಷ್ಟೇ ನೀರಿನಲ್ಲಿ ಕದಡಿದ 1 ಕಿಲೋ ಸುಣ್ಣಕ್ಕೆ ಸುರಿದಾಗ ತಾಮ್ರದ ಸಂಯುಕ್ತದ ಅತಿ ಸೂಕ್ಷ್ಮ ಕಣಗಳು ಹುಟ್ಟಿ ಬೋರ್ಡೋ ದ್ರಾವಣ ಸಿದ್ಧವಾಗುತ್ತದೆ. ಅದನ್ನು ಅಂದೇ ಸಿಂಪಡಿಸಬೇಕೆಂಬುದು ನೀವೆಲ್ಲ ಬಲ್ಲ ನಿಯಮ. ತಡವಾದರೆ ಕಣಗಳು ದಪ್ಪಗಾಗಿ ಕಾಯಿಗೆ ಅಂಟುವ ಗುಣ ಕುಗ್ಗುತ್ತದೆ. ನ್ಯಾನೋ ತಯಾರಿಕೆಯ ತೊಡಕೂ ಇಂಥದೇ. ಕಣಗಳು ಗುಂಪುಗೂಡದಂತೆ ತಡೆಯಲು ಅವುಗಳ ಮೇಲೆ ಬೇರೊಂದು ವಸ್ತುವಿನ ಹೊದಿಕೆ ಹಾಕುತ್ತಾರೆ. ಆದ್ದರಿಂದ ತೋಟಕ್ಕೆ ಕಣದೊಡನೆ ಹೊದಿಕೆಯೂ ಬರುತ್ತದೆ.

ಇಷ್ಟೆಲ್ಲ ಶ್ರಮವೇಕೆ? 1 ಸೆಂಟಿಮೀಟರ್ ಬದಿಯ ಘನವೊಂದರ ಮೇಲ್ಮೈ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್ ಬದಿಯ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್, ಅಂದರೆ ಸುಮಾರು 6 ಗುಂಟೆ! ಮೇಲ್ಮೈ ಹೆಚ್ಚಿದಂತೆ ಕ್ರಿಯಾಶಕ್ತಿಯೂ ಹೆಚ್ಚುತ್ತದೆ. ಅಪಾಯವೂ ಅಲ್ಲಿಯೇ ಇದೆ. ರೋಗಾಣುಗಳನ್ನು ಕೊಲ್ಲುವ ಬೆಳ್ಳಿಯ ನ್ಯಾನೋ ಕಣವು ಮಣ್ಣಿನ ಉಪಕಾರಿ ಸೂಕ್ಷ್ಮಜೀವಿಗಳನ್ನೂ ಕೊಲ್ಲಬಲ್ಲದು. ಲೋಹ ಕೊಳೆತು ಇಲ್ಲವಾಗುವುದಿಲ್ಲ. ಮಳೆಗಾಲದಲ್ಲಿ ತೋಟದಿಂದ ತೊಳೆದುಹೋದುದು ಹಳ್ಳಕ್ಕೆ ಸೇರುತ್ತದೆ. ಆ ನೀರನ್ನು ಕೆಳಗಿನ ಊರು ಬಳಸುತ್ತದೆ.

ಇನ್ನೊಂದು ಮಾತು. ಕಣವನ್ನು ಎಷ್ಟೇ ಕಿರಿದುಗೊಳಿಸಿದರೂ ತೂಕ ಹೆಚ್ಚದು. 2021ರಲ್ಲಿ ಮಾರುಕಟ್ಟೆಗೆ ಬಂದ ನ್ಯಾನೋ ಯೂರಿಯಾದಲ್ಲಿ ಸಾರಜನಕ ಶೇ. 4 ಇತ್ತು. ಅರ್ಧ ಲೀಟರಿನ ಒಂದು ಬಾಟಲಿ 45 ಕಿಲೋ ಚೀಲಕ್ಕೆ ಸಮವೆಂದು ಪ್ರಚಾರವಾಯಿತು. ಲೆಕ್ಕ ಹಾಕಿರಿ: ಆ ಬಾಟಲಿಯಲ್ಲಿದ್ದ ಸಾರಜನಕ ಸುಮಾರು 20 ಗ್ರಾಂ, ಶೇ. 46ರ ಚೀಲದಲ್ಲಿರುವುದು 20 ಕಿಲೋ 700 ಗ್ರಾಂ. ಎಲೆ ಎಷ್ಟೇ ಚೆನ್ನಾಗಿ ಹೀರಿದರೂ ಇಲ್ಲದುದನ್ನು ಹೀರಲಾರದು.

ಆದ್ದರಿಂದ ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿರಿ. ಇದರಲ್ಲಿರುವ ಪೋಷಕಾಂಶದ ಅಥವಾ ಲೋಹದ ತೂಕವೆಷ್ಟು? ಕಣದ ಹೊದಿಕೆ ಯಾವುದು? ಮಳೆಗೆ ತೊಳೆದರೆ ಇದು ಎಲ್ಲಿಗೆ ಹೋಗುತ್ತದೆ? ವಿದ್ಯಾರ್ಥಿಗಳು ಚೀಟಿಯನ್ನು ಓದಿ ಈ ಲೆಕ್ಕವನ್ನು ಮನೆಯ ಹಿರಿಯರಿಗೆ ಬಿಡಿಸಿ ಹೇಳಬೇಕೆಂದು ಕೋರಿ ನನ್ನ ಮಾತು ಮುಗಿಸುತ್ತೇನೆ.