ಮಂಡಿನೋವೂ ನಡಿಗೆಯೂ

“ಕೈಕಾಲು ಗಟ್ಟಿಯಿರುವಾಗಲೇ ಕರೆದುಕೊಂಡುಬಿಡಪ್ಪ” ಎಂದು ದೇವರ ಮುಂದೆ ಬೇಡಿಕೊಳ್ಳುವ ಮುದುಕಿಯರನ್ನು ನಾವೆಲ್ಲ ಕಂಡಿದ್ದೇವೆ. ಆ ಬೇಡಿಕೆಯಲ್ಲಿರುವುದು ಸಾವಿನ ಭಯವಲ್ಲ, ಪರಾಧೀನತೆಯ ಭಯ. ಅನೇಕರಲ್ಲಿ ಅದು ಹುಟ್ಟುವುದು ಮಂಡಿಯಲ್ಲಿ. ಮುಟ್ಟು ನಿಂತ ಮೇಲೆ ಮಂಡಿಯ ಸವೆತ ಗಂಡಸರಿಗಿಂತ ಹೆಂಗಸರನ್ನೇ ಹೆಚ್ಚಾಗಿ ಕಾಡುತ್ತದೆ. ಮೆಟ್ಟಿಲಿಳಿಯುವಾಗ ನೋವು, ನೆಲದಿಂದ ಏಳುವಾಗ ಕೈಯೂರಬೇಕಾದ ಸಂಕಟ, ಅದರ ಹಿಂದೆಯೇ ಮನೆಮಂದಿಯ ಉಪಚಾರ: “ನೀವು ಸುಮ್ಮನೆ ಕೂತಿರಿ ಅಮ್ಮ, ನಾವು ಮಾಡುತ್ತೇವೆ.” ಪ್ರೀತಿಯಿಂದ ಹೊರಟ ಈ ಮಾತು ಮಂಡಿಗೂ ಹಿತವಲ್ಲ, ಮೈಗೂ ಹಿತವಲ್ಲ ಎಂಬುದನ್ನು ಈ ಹೊತ್ತು ಅರಿಕೆ ಮಾಡಬೇಕೆಂದಿದ್ದೇನೆ.

ನಾನು ವೈದ್ಯನಲ್ಲ, ಕನ್ನಡ ಪಾಠ ಹೇಳಿ ನಿವೃತ್ತನಾದವನು. ನನ್ನ ಅಕ್ಕನಿಗೆ ಈ ಬೇನೆ ಬಂದಂದಿನಿಂದ ಬಲ್ಲವರನ್ನು ಕೇಳಿ, ಓದಿ, ಒಂದಿಷ್ಟು ತಿಳಿದುಕೊಂಡಿದ್ದೇನೆ.

ಮೊದಲು ಹೆಸರಿನ ಮಾತು. ಬಂಡಿಯ ಅಚ್ಚನ್ನು ನೆನೆದು ನಾವು ಇದಕ್ಕೆ ‘ಸವೆತ’ ಎಂದೆವು. ಆ ಹೆಸರೇ ದಾರಿ ತಪ್ಪಿಸಿತು. ಅಚ್ಚು ತಿರುಗಿದಷ್ಟೂ ಸವೆಯುತ್ತದೆ, ನಿಜ. ಜೀವವಿರುವ ಕೀಲಿನ ರೀತಿ ಬೇರೆ. ಮೂಳೆಯ ತುದಿಗೆ ಹೊದಿಸಿದ ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಹೆಜ್ಜೆಯೂರಿದಾಗ ಅದು ಸ್ಪಂಜಿನಂತೆ ಅದುಮಿಕೊಳ್ಳುತ್ತದೆ, ಎತ್ತಿದಾಗ ಕೀಲಿನ ದ್ರವವನ್ನು ಹೀರಿಕೊಳ್ಳುತ್ತದೆ; ಅದರ ಊಟ ನಡೆಯುವುದು ಬಹುಮಟ್ಟಿಗೆ ಹೀಗೆ. ಕೂತವರ ಮೃದ್ವಸ್ಥಿ ಅರೆಹೊಟ್ಟೆಯಲ್ಲಿರುತ್ತದೆ. ಇನ್ನೊಂದು ಸಂಗತಿ, ಈ ಬೇನೆಯಲ್ಲಿ ಕೀಲಿನ ಒಳಪೊರೆಯಲ್ಲಿ ಸಣ್ಣಗೆ ಹೊಗೆಯಾಡುವ ಉರಿಯೂತವೂ ಇರುತ್ತದೆ. ಉರಿಯೂತವೆಂದರೆ ರೋಗನಿರೋಧಕ ವ್ಯವಸ್ಥೆಯ ಕೆಲಸವೇ. ವಯಸ್ಸಾದಂತೆ ಆ ವ್ಯವಸ್ಥೆ ಹೊರಗಿನ ಶತ್ರುವಿನ ಎದುರು ಮಂದವಾಗುತ್ತದೆ, ಒಳಗೆ ಮಾತ್ರ ಕಾರಣವಿಲ್ಲದೆ ಸಿಡುಕುತ್ತಿರುತ್ತದೆ. ಕೆಲವು ಹಿರಿಯರ ಸ್ವಭಾವದ ಹಾಗೆ ಎಂದರೆ ನನ್ನ ಓರಗೆಯವರು ಮುನಿಸಿಕೊಳ್ಳಬಾರದು.

ನಡಿಗೆ ಇಲ್ಲಿ ಏನು ಮಾಡೀತು? 1993ರಲ್ಲಿ ಅಮೆರಿಕದ ಡೇವಿಡ್ ನೀಮನ್ ಮತ್ತು ಸಂಗಡಿಗರು 67ರಿಂದ 85 ವಯಸ್ಸಿನ ಹೆಂಗಸರ ಒಂದು ಅಧ್ಯಯನವನ್ನು ಪ್ರಕಟಿಸಿದರು. ಹೆಚ್ಚು ಓಡಾಟವಿಲ್ಲದ 32 ಮಂದಿಯಲ್ಲಿ ಕೆಲವರು 12 ವಾರ, ವಾರಕ್ಕೆ ಐದು ದಿನ, 30–40 ನಿಮಿಷ ಚುರುಕಾಗಿ ನಡೆದರು. ಉಳಿದವರು ಲಘುವಾದ ಅಂಗಸಾಧನೆ ಮಾಡಿದರು. ಆ ಅವಧಿಯಲ್ಲಿ ನಡೆದವರಲ್ಲಿ ನೂರಕ್ಕೆ 21 ಮಂದಿಗೆ ನೆಗಡಿಯಂಥ ಬೇನೆ ಬಂತು, ಉಳಿದವರಲ್ಲಿ 50 ಮಂದಿಗೆ. ಮೊದಲಿನಿಂದಲೂ ಮೈ ಪಳಗಿಸಿಕೊಂಡಿದ್ದ ಬೇರೆ 12 ಮಂದಿಯಲ್ಲಿ ನೂರಕ್ಕೆ ಕೇವಲ 8. ಆದರೆ ರಕ್ತವನ್ನು ಪರೀಕ್ಷಿಸಿದಾಗ, ಹನ್ನೆರಡು ವಾರದ ನಡಿಗೆಯಿಂದ ರಕ್ಷಕ ಕಣಗಳ ಸಾಮರ್ಥ್ಯವೇನೂ ಏರಿರಲಿಲ್ಲ. ಅದನ್ನೂ ಅವರು ಮುಚ್ಚಿಡದೆ ಬರೆದರು. ಗುಂಪು ಚಿಕ್ಕದು, ಅವರು ಮಂಡಿನೋವಿಗಾಗಿ ಆರಿಸಿದವರೂ ಅಲ್ಲ. ಆದ್ದರಿಂದ ನಡೆದರೆ ರೋಗವೇ ಬಾರದೆಂದು ಡಂಗುರ ಹೊಡೆಯುವುದು ಸಲ್ಲದು.

ಆದರೂ ಒಳಗೆ ಏನೋ ನಡೆಯುತ್ತದೆ. ಚುರುಕಾದ ನಡಿಗೆಯ ಹೊತ್ತಿಗೆ ರಕ್ಷಕ ಕಣಗಳು ತಂಗಿದ್ದ ಎಡೆಗಳಿಂದ ಎದ್ದು ರಕ್ತದಲ್ಲಿ ಗಸ್ತು ಹೊರಡುತ್ತವೆ. ಕೆಲ ಹೊತ್ತಿನ ಮೇಲೆ ಮರಳುತ್ತವೆ. ಆದ್ದರಿಂದಲೇ ಒಂದು ದಿನದ ನಡಿಗೆ ಸಾಲದು. ಇನ್ನೂ ಸೋಜಿಗದ್ದು ಸ್ನಾಯುವಿನ ಕೆಲಸ. ದುಡಿಯುವ ಸ್ನಾಯು ಇಂಟರ್‌ಲ್ಯೂಕಿನ್-6 ಎಂಬ ವಸ್ತುವನ್ನು ರಕ್ತಕ್ಕೆ ಬಿಡುತ್ತದೆ. ರೋಗದಲ್ಲಿ ಉರಿಗೆ ಜೊತೆಗೂಡುವ ಇದೇ ವಸ್ತು, ಸ್ನಾಯುವಿನಿಂದ ಬಂದಾಗ, ಉರಿ ತಣಿಸುವ ಇಂಟರ್‌ಲ್ಯೂಕಿನ್-10ನ್ನು ಕರೆತರುತ್ತದೆ. ಸ್ನಾಯು ಹೊರಡಿಸುವ ಇಂಥ ವಸ್ತುಗಳಿಗೆ ಕೋಪನ್‌ಹೇಗನ್ನಿನ ಬೆಂಟೆ ಪೆಡರ್ಸನ್ ಮತ್ತು ಸಂಗಡಿಗರು 2003ರಲ್ಲಿ ‘ಮಯೋಕೈನ್’ ಎಂದು ಹೆಸರಿಟ್ಟರು. 2010ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಪ್ರಯೋಗವೊಂದರಲ್ಲಿ, ಮಂಡಿ ಸವೆತದ ಹೆಂಗಸರು ಕಾಲು ನೀಡುವ ವ್ಯಾಯಾಮ ಮಾಡಿದಾಗ ಆ ತಣಿಸುವ ವಸ್ತು ಮಂಡಿಯೊಳಗೇ ಹೆಚ್ಚಿತು. ಅದು ನಡಿಗೆಯಲ್ಲ, ನಿಜ. ದುಡಿದದ್ದು ಮಾತ್ರ ನಡಿಗೆಗೂ ಬೇಕಾದ ತೊಡೆಯ ಸ್ನಾಯು.

ನಡೆದರೆ ಮಂಡಿ ಮತ್ತಷ್ಟು ಕೆಡದೆ? 1997ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಪರೀಕ್ಷೆಯಲ್ಲಿ ಅರುವತ್ತು ದಾಟಿದ 439 ಮಂಡಿ ರೋಗಿಗಳಿದ್ದರು. ಹದಿನೆಂಟು ತಿಂಗಳ ಕೊನೆಗೆ, ಬರಿಯ ತಿಳಿವಳಿಕೆಯ ಪಾಠ ಕೇಳಿದವರಿಗಿಂತ ನಡೆದವರ ನೋವು ಸ್ವಲ್ಪ ತಗ್ಗಿತ್ತು. ಎಕ್ಸ್‌ರೇಯಲ್ಲಿ ಅವರ ಮಂಡಿ ಹೆಚ್ಚು ಕೆಟ್ಟಿರಲಿಲ್ಲ.

ಇಷ್ಟೆಲ್ಲ ಅಕ್ಕನಿಗೆ ಹೇಳಿದಾಗ ಅವಳು ಕೇಳಿದ್ದು ಬೇರೆ: “ಕೆಲಸವಿಲ್ಲದೆ ಬೀದಿ ಸುತ್ತುವುದೇನೋ? ನೋಡಿದವರು ಏನಂದಾರು?” ಅವಳ ತಲೆಮಾರಿನ ಹೆಂಗಸಿನ ನಡಿಗೆಗೆ ಎಂದೂ ಒಂದು ನೆಪವಿತ್ತು: ನೀರು, ತರಕಾರಿ, ದೇವಸ್ಥಾನ. ನಲ್ಲಿ ಬಂದು ಒಂದು ನೆಪ ಹೋಯಿತು. ತರಕಾರಿ ಬಾಗಿಲಿಗೆ ಬಂದು ಇನ್ನೊಂದು. ಗಂಡಸರು ಉದ್ಯಾನದಲ್ಲಿ ರಾಜಕೀಯ ಮಾತಾಡುತ್ತ ನಾಲ್ಕು ಸುತ್ತು ಹಾಕಿದರೆ ಅದು ಆರೋಗ್ಯ. ಹೆಂಗಸು ಹಾಕಿದರೆ ಸೋಮಾರಿತನ! ಅಕ್ಕ ಈಗ ಪ್ರದಕ್ಷಿಣೆಯ ನೆಪ ಹಿಡಿದಿದ್ದಾಳೆ. ಕಲ್ಲುಚಪ್ಪಡಿ ಎದ್ದು, ಸ್ಕೂಟರು ನಿಂತ ನಮ್ಮ ಕಾಲುದಾರಿಗಿಂತ ದೇವಸ್ಥಾನದ ಪ್ರಾಕಾರ ಸಮತಟ್ಟು ಕೂಡ.

ಒಮ್ಮೆಗೇ ಅರ್ಧ ಗಂಟೆ ಬೇಡ. ಹತ್ತು ನಿಮಿಷದಂತೆ ಮೂರು ಸಲವಾದರೂ ಆದೀತು. ನಡೆಯುವಾಗಿನ ಸಣ್ಣ ನೋವು ಮರುದಿನದ ಹೊತ್ತಿಗೆ ಇಳಿದರೆ ಅಂಜಬೇಕಾಗಿಲ್ಲ, ಉಳಿದರೆ ದೂರವನ್ನು ಕಡಮೆ ಮಾಡಬೇಕು. ಮಂಡಿ ಊದಿ ಬಿಸಿಯಾದರೆ ನಡಿಗೆ ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು. ಕೋಲು ಹಿಡಿಯುವವರು ನೋಯುವ ಕಾಲಿನ ಕಡೆಗೆ ಹಿಡಿಯುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಬಲಮಂಡಿ ನೋಯುವವರಿಗೆ ಕೋಲು ಎಡಗೈಯಲ್ಲಿರಬೇಕು, ಬಲಗಾಲಿನೊಡನೆ ಮುಂದೆ ಹೋಗಬೇಕು.