ಎಂ.ಸಿ.ಎ. ಪದವಿಯೂ ಕಾಯಕದ ಹೊಣೆಯೂ

(ಕುರ್ತಕೋಟಿಯ ಶಿವಾನುಭವ ಗೋಷ್ಠಿಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಈ ಗೋಷ್ಠಿಯಲ್ಲಿ ಸಾಮಾನ್ಯವಾಗಿ ಅನುಭಾವಿಗಳು ಮಾತನಾಡುತ್ತಾರೆ. ನಾನು ಅನುಭಾವಿಯಲ್ಲ. ಇದೇ ಊರಿನ ಕನ್ನಡ ಶಾಲೆಯಲ್ಲಿ ಕಲಿತು, ಗದಗಿನಲ್ಲಿ ಬಿ.ಸಿ.ಎ., ಹುಬ್ಬಳ್ಳಿಯಲ್ಲಿ ಎಂ.ಸಿ.ಎ. ಮುಗಿಸಿ, ಸಾಫ್ಟ್‌ವೇರ್ ಬರೆಯುವುದನ್ನೇ ಕಾಯಕ ಮಾಡಿಕೊಂಡಿರುವ ಒಕ್ಕಲುತನದ ಮನೆಯ ಮಗಳು. "ನಮ್ಮ ಮಕ್ಕಳು ಬಿ.ಸಿ.ಎ. ಮುಗಿಸಿ ಮುಂದೇನು ಅಂತ ಕೇಳಾಕತ್ತಾರ, ನೀನೇ ಬಂದು ಹೇಳು" ಎಂದು ಪೂಜ್ಯರು ಅಪ್ಪಣೆ ಕೊಡಿಸಿದರು. ಪದವಿಯ ವಿಚಾರ ಹೇಳುತ್ತೇನೆ. ಜೊತೆಗೆ, ಆ ಪದವಿ ಪಡೆದ ವರ್ಷವೇ ಇದೇ ಊರಿನಲ್ಲಿ ನಾನು ಮಾಡಿದ ಒಂದು ತಪ್ಪನ್ನೂ ಹೇಳುತ್ತೇನೆ. ಎರಡನ್ನೂ ಕೂಡಿಸಿ ಕೇಳಬೇಕೆಂದು ವಿನಂತಿ.

ಎಂ.ಸಿ.ಎ. ಎಂದರೆ ಕಂಪ್ಯೂಟರ್ ಅನ್ವಯಗಳ ಸ್ನಾತಕೋತ್ತರ ಪದವಿ. ಯಂತ್ರವನ್ನು ತಯಾರಿಸುವ ವಿದ್ಯೆ ಇದಲ್ಲ. ಯಂತ್ರದಿಂದ ಜನರ ಕೆಲಸ ಮಾಡಿಸುವ ವಿದ್ಯೆ. ಬ್ಯಾಂಕಿನ ಲೆಕ್ಕ, ಆಸ್ಪತ್ರೆಯ ಚೀಟಿ, ಬಸ್ಸಿನ ಟಿಕೇಟು, ನಿಮ್ಮ ಪಹಣಿ ಪತ್ರಿಕೆ, ಇವೆಲ್ಲದರ ಹಿಂದೆ ಯಾರೋ ಕುಳಿತು ಬರೆದ ಸಾಲುಗಳಿರುತ್ತವೆ. ಆ ಸಾಲುಗಳನ್ನು ಬರೆಯುವುದನ್ನು, ಮಾಹಿತಿಯನ್ನು ಕ್ರಮವಾಗಿ ಕೂಡಿಡುವುದನ್ನು, ತಪ್ಪು ಹುಡುಕಿ ತಿದ್ದುವುದನ್ನು ಇಲ್ಲಿ ಕಲಿಸುತ್ತಾರೆ. ನಾನು ಓದುವಾಗ ಇದು ಮೂರು ವರ್ಷದ ಓದು. 2020-21ರಿಂದ ಎರಡು ವರ್ಷ, ಅಂದರೆ ನಾಲ್ಕು ಸೆಮಿಸ್ಟರು. ಕೊನೆಗೆ ಒಂದು ಪ್ರಾಜೆಕ್ಟನ್ನು ಸ್ವಂತ ಮಾಡಿ ತೋರಿಸಬೇಕು.

ಯಾರು ಸೇರಬಹುದು? ಬಿ.ಸಿ.ಎ. ಅಥವಾ ಕಂಪ್ಯೂಟರ್ ವಿಜ್ಞಾನದ ಪದವಿ ಆದವರು ಸೇರಬಹುದು. ಬಿ.ಎ., ಬಿ.ಕಾಂ. ಓದಿದವರೂ ಪಿ.ಯು.ಸಿ.ಯಲ್ಲಾಗಲಿ ಪದವಿಯಲ್ಲಾಗಲಿ ಗಣಿತ ಓದಿದ್ದರೆ ಸೇರಬಹುದು. ಅಂಥವರಿಗೆ ಮೊದಲು ಕಂಪ್ಯೂಟರಿನ ಬುನಾದಿ ಪಾಠಗಳಿರುತ್ತವೆ. ಪದವಿಯಲ್ಲಿ ಶೇಕಡ 50, ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ-1ರವರಿಗೆ ಶೇಕಡ 45 ಅಂಕ ಬೇಕು. ಸರ್ಕಾರಿ ಸೀಟಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುವ ಪಿ.ಜಿ.ಸಿ.ಇ.ಟಿ. ಬರೆಯಬೇಕು. ಈ ಸೀಟು ಸಿಗುವುದು ಪರೀಕ್ಷೆಯ ರ‍್ಯಾಂಕಿನಿಂದ, ಶಿಫಾರಸಿನ ಪತ್ರದಿಂದಲ್ಲ. ಪತ್ರಕ್ಕಾಗಿ ಮಠದ ಬಾಗಿಲಲ್ಲಿ ನಿಲ್ಲುವ ಹೊತ್ತನ್ನು ಓದಿಗೆ ಕೊಡಿರಿ.

"ನಾವು ಕನ್ನಡ ಮಾಧ್ಯಮದವರು, ನಮಗಾದೀತೆ?" ಎಂದು ತಂಗಿಯರು ಕೇಳುತ್ತಾರೆ. ನನಗೂ ಮೊದಲ ಸೆಮಿಸ್ಟರು ಕಣ್ಣೀರಿನದೇ ಆಗಿತ್ತು. ಪಾಠ ತಿಳಿಯದೆ ಅಲ್ಲ, ಎದ್ದು ಪ್ರಶ್ನೆ ಕೇಳಲು ಬಾಯಿ ಬರದೆ. ಆದರೆ ಇದರ ತಿರುಳು ಇಂಗ್ಲಿಷ್ ಅಲ್ಲ, ಕ್ರಮವಾಗಿ ಯೋಚಿಸುವುದು. ಬೆಟಗೇರಿಯ ನೇಕಾರ ಮನೆಗಳ ಮಕ್ಕಳಿಗೆ ಇದು ಬೇಗ ತಿಳಿದೀತು. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ಎಂಬವನು ರಂಧ್ರ ಕೊರೆದ ರಟ್ಟುಗಳನ್ನು ಮಗ್ಗಕ್ಕೆ ಕಟ್ಟಿದ. ಯಾವ ಎಳೆ ಏಳಬೇಕು, ಯಾವುದು ಕೂಡಬೇಕು ಎಂಬುದನ್ನು ಆ ರಂಧ್ರಗಳೇ ಹೇಳುತ್ತಿದ್ದವು. ಮುಂದೆ ಇಂಗ್ಲೆಂಡಿನ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ಇದೇ ರಟ್ಟುಗಳ ಉಪಾಯವನ್ನು ತೆಗೆದುಕೊಂಡ. ಕಂಪ್ಯೂಟರಿನ ವಂಶಾವಳಿಯಲ್ಲಿ ಮಗ್ಗವೂ ಇದೆ. ಜೇಡರ ದಾಸಿಮಯ್ಯನವರ ಪರಂಪರೆಯವರು ಈ ವಿದ್ಯೆಗೆ ಅಂಜಬೇಕಾಗಿಲ್ಲ.

ಇನ್ನು ಮನೆಯ ಮಾತು. ನಾನು ಬಿ.ಸಿ.ಎ. ಮುಗಿಸಿದಾಗ ಬಂಧುಗಳು ಅಪ್ಪನ ಎದುರು ಕುಳಿತು, "ಹೆಣ್ಣುಹುಡುಗಿಗೆ ಇಷ್ಟು ಸಾಕು. ಇನ್ನೂ ಓದಿಸಿದ್ರ ಅಷ್ಟು ಓದಿದ ವರ ಎಲ್ಲಿ ಹುಡುಕ್ತಿ?" ಎಂದರು. ಅಪ್ಪ, "ವರ ಸಿಗದಿದ್ರ ಕೆಲಸರೆ ಸಿಗತೈತಿ ಬಿಡ್ರಿ" ಎಂದು ಎದ್ದುಹೋದರು. ಇನ್ನೊಬ್ಬರು ಎರಡು ಎಕರೆ ಎರೆಹೊಲ ಮಾರಲು ಹೇಳಿದರು. ಅಪ್ಪ ಅದನ್ನೂ ಕೇಳದೆ ಬ್ಯಾಂಕಿಗೆ ಹೋದರು. ಆ ಹೊಲದಲ್ಲಿ ಇಂದಿಗೂ ಹೆಸರು, ಉಳ್ಳಾಗಡ್ಡಿ ಬೆಳೆಯುತ್ತಿದೆ; ನನ್ನ ಸಾಲ ನನ್ನ ಸಂಬಳದಿಂದ ತೀರಿದೆ. ಓದಿಗಾಗಿ ಹೊಲ ಮಾರಬೇಡಿರಿ. ಕೇಂದ್ರ ಸರ್ಕಾರದ ಖಾತರಿ ಯೋಜನೆಯಡಿ 7.5 ಲಕ್ಷ ರೂಪಾಯಿವರೆಗಿನ ಶಿಕ್ಷಣ ಸಾಲಕ್ಕೆ ಜಮೀನಿನ ಒತ್ತೆ ಬೇಕಿಲ್ಲ. ಬ್ಯಾಂಕಿನವರು ಇಲ್ಲವೆಂದರೆ ಏಕೆ ಎಂಬುದನ್ನು ಬರೆದು ಕೊಡಲು ಕೇಳಿರಿ. "ಇಷ್ಟು ಹಣ ಕೊಟ್ಟರೆ ಬೆಂಗಳೂರಿನಲ್ಲಿ ನೌಕರಿ ಖಂಡಿತ" ಎನ್ನುವವರು ಬಂದರೆ ಅಂಗಳದಿಂದಲೇ ಕಳಿಸಿರಿ. ಪದವಿ ಕೈಗೆ ಬಂದ ಮಾತ್ರಕ್ಕೆ ಕೆಲಸ ಕಾದು ಕುಳಿತಿರುವುದಿಲ್ಲ ಎಂಬುದೂ ನಿಜವೇ. ಈಗ ಯಂತ್ರವೇ ಸಾಲುಗಳನ್ನು ಬರೆದು ಕೊಡುವ ಕಾಲ ಬಂದಿದೆ. ಆದರೆ ಆ ಸಾಲು ಸರಿಯೋ ತಪ್ಪೋ ಎಂದು ನೋಡುವ ಕಣ್ಣು ಬೇಕು. ಆ ಕಣ್ಣು ತಪ್ಪಿದರೆ ಏನಾಗುತ್ತದೆ ಎಂಬುದೇ ನಾನು ಹೇಳಬೇಕಾದ ಮುಖ್ಯ ಮಾತು.

ನಮ್ಮ ಅವ್ವ ಇರುವ ಸ್ತ್ರೀಶಕ್ತಿ ಸಂಘದಲ್ಲಿ ಇಪ್ಪತ್ತು ಜನ. ವಾರಕ್ಕೆ ಐವತ್ತು ರೂಪಾಯಿ ಉಳಿತಾಯ. ಅದರಿಂದಲೇ ಒಬ್ಬರಿಗೊಬ್ಬರು ಸಾಲ. ಲೆಕ್ಕವೆಲ್ಲ ಒಂದು ಉದ್ದನೆಯ ವಹಿಯಲ್ಲಿ. ನನ್ನ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಆ ಲೆಕ್ಕವನ್ನೇ ಮೊಬೈಲಿಗೆ ತಂದೆ. ಅಂಕವೂ ಚೆನ್ನಾಗಿ ಬಂತು. ಊರಿಗೆ ಬಂದು ಅವ್ವನ ಮೊಬೈಲಿಗೆ ಹಾಕಿಕೊಟ್ಟೆ. "ಇನ್ನ ವಹಿ ಯಾಕ?" ಎಂದು ವಹಿಯನ್ನು ಮುಚ್ಚಿಸಿದವಳೂ ನಾನೇ.

ಸಂಘದಲ್ಲಿ ಇಬ್ಬರಿಗೆ ಒಂದೇ ಹೆಸರು, ಒಂದೇ ಅಡ್ಡಹೆಸರು. ಒಬ್ಬರು ಮೇಲಿನ ಓಣಿಯವರು, ಇನ್ನೊಬ್ಬರು ಕೆಳಗಿನ ಓಣಿಯವರು. ಊರಿಗೆಲ್ಲ ಆ ಗುರುತು ಗೊತ್ತು. ನಾನು ಬರೆದದ್ದು ಹೀಗೆ: ಯಾರಾದರೂ ಕಂತು ತುಂಬಿದರೆ ಹೆಸರು ಹುಡುಕಬೇಕು, ಮೊದಲು ಸಿಕ್ಕವರ ಲೆಕ್ಕಕ್ಕೆ ಹಣ ಸೇರಿಸಬೇಕು. ಪ್ರತಿಯೊಬ್ಬರಿಗೂ ಬೇರೆ ಬೇರೆ ಸಂಖ್ಯೆ ಕೊಟ್ಟು ಆ ಸಂಖ್ಯೆಯಿಂದಲೇ ಗುರುತಿಸಬೇಕು ಎಂಬುದು ಈ ವಿದ್ಯೆಯ ಮೊದಲ ಪಾಠಗಳಲ್ಲೊಂದು. ಪರೀಕ್ಷೆಯಲ್ಲಿ ಅದನ್ನು ಬರೆದು ಅಂಕ ಪಡೆದಿದ್ದೆ, ಕೆಲಸದಲ್ಲಿ ಮರೆತೆ. ಕೆಳಗಿನ ಓಣಿಯ ತಾಯಿ ತುಂಬಿದ ಹಣವೆಲ್ಲ ಮೇಲಿನ ಓಣಿಯವರ ಲೆಕ್ಕಕ್ಕೆ ಹೋಗುತ್ತಿತ್ತು.

ಮೂರು ತಿಂಗಳಾದ ಮೇಲೆ ಆ ತಾಯಿ ಮಗನ ಫೀಗಾಗಿ ಸಾಲ ಕೇಳಿದರು. ಮೊಬೈಲು "ಒಂದು ಕಂತೂ ತುಂಬಿಲ್ಲ" ಎಂದು ತೋರಿಸಿತು. ಗಂಡನಿಲ್ಲದ ಹೆಣ್ಣುಮಗಳು. "ತುಂಬೀನ್ರಿ ಯವ್ವಾ, ವಾರಾ ವಾರಾ ಸೆರಗಿನಾಗ ಕಟಗೊಂಡು ಬಂದು ಕೊಟ್ಟೀನಿ" ಎಂದು ಕೈಮುಗಿದರು. ಸಭೆ ನಂಬಲಿಲ್ಲ. "ಮನಷ್ಯಾರು ಸುಳ್ಳು ಹೇಳ್ತಾರ, ಕಂಪ್ಯೂಟರ್ ಹೇಳೂದಿಲ್ಲ" ಎಂದರು. ಆ ಸಭೆಯಲ್ಲಿ ನಾನೂ ಇದ್ದೆ. ನಾನೂ ಹಾಗೆಯೇ ತಿಳಿದಿದ್ದೆ. ಅವರು ತಲೆ ತಗ್ಗಿಸಿ ಎದ್ದುಹೋದರು. ಮರುದಿನ ಮನೆಯ ಎರಡು ಆಡು ಮಾರಿ ಫೀ ಕಟ್ಟಿದರು.

ಆ ರಾತ್ರಿ ಅವ್ವ ಊಟ ಮಾಡಲಿಲ್ಲ. "ಆಕಿ ಸುಳ್ಳು ಹೇಳಾಕಿ ಅಲ್ಲ. ನಿನ್ನ ಡಬ್ಬಿ ಸುಳ್ಳು ಹೇಳಾಕತ್ತೈತಿ, ನೋಡು" ಎಂದಳು. ನನಗೆ ಸಿಟ್ಟು ಬಂತು. ಆದರೂ ಪೆಟ್ಟಿಗೆಯ ಹಣ ಎಣಿಸಿದೆವು. ಇಪ್ಪತ್ತೂ ಜನರ ಹಣ ಪೆಟ್ಟಿಗೆಯಲ್ಲಿತ್ತು. ಒಬ್ಬರು ತುಂಬಿಲ್ಲವೆಂದರೆ ಹಣ ಕಡಿಮೆಯಾಗಬೇಕಲ್ಲವೆ? ಆಗಿರಲಿಲ್ಲ. ಒಬ್ಬೊಬ್ಬರ ಲೆಕ್ಕ ತೆಗೆದು ನೋಡಿದಾಗ ಮೇಲಿನ ಓಣಿಯವರ ಹೆಸರಿಗೆ ದುಪ್ಪಟ್ಟು ಹಣ ಜಮೆಯಾದದ್ದು ಕಂಡಿತು. ಅವರಿಗೆ ಓದು ಬರುತ್ತಿರಲಿಲ್ಲ, ಹಾಗಾಗಿ ಅವರಿಗೂ ಗೊತ್ತಾಗಿರಲಿಲ್ಲ.

ಮುಂದಿನ ವಾರದ ಸಭೆಯಲ್ಲಿ ಎಲ್ಲರ ಎದುರು ಆ ತಾಯಿಯ ಪಾದ ಮುಟ್ಟಿ, ತಪ್ಪು ನನ್ನದೆಂದು ಹೇಳಿದೆ. ಸಂಘ ಸಾಲ ಕೊಟ್ಟಿತು. ಆಡುಗಳು ಮಾತ್ರ ತಿರುಗಿ ಬರಲಿಲ್ಲ. ಅವರು ನನ್ನನ್ನು ಬೈಯಲಿಲ್ಲ. ಇಷ್ಟೇ ಹೇಳಿದರು: "ಯಂತ್ರಾ ಏನರೆ ಹೇಳಲಿ ತಂಗಿ, ನೀವು ಒಮ್ಮೆ ನನ್ನ ಮಾರಿ ನೋಡಿ ಕೇಳಬೇಕಿತ್ತು."

ಶರಣ ಬಂಧುಗಳೆ, ನನ್ನ ಪದವಿಯಲ್ಲಿ ಬಿಟ್ಟುಹೋಗಿದ್ದ ಪಾಠ ಅದು. ಯಂತ್ರಕ್ಕೆ ಸತ್ಯವೂ ಗೊತ್ತಿಲ್ಲ, ಸುಳ್ಳೂ ಗೊತ್ತಿಲ್ಲ. ನಾವು ಬರೆದದ್ದನ್ನು ಅದು ಮಾಡುತ್ತದೆ. ತಪ್ಪು ಬರೆದರೆ ತಪ್ಪನ್ನೇ ಬಹಳ ವೇಗವಾಗಿ, ಬಹಳ ಅಂದವಾಗಿ ಮಾಡುತ್ತದೆ.

ಇದನ್ನು ಅರಿತರೆ ಇನ್ನೊಂದು ಮಾತೂ ತಿಳಿಯುತ್ತದೆ. ನಮ್ಮ ಪೇಟೆಗಳಲ್ಲಿ "ಕಂಪ್ಯೂಟರ್ ಜಾತಕ" ಎಂಬ ಫಲಕ ನೋಡಿದ್ದೀರಿ. ಮುಹೂರ್ತ, ರಾಹುಕಾಲಗಳ ಅಂಜಿಕೆಯಿಂದ ಬಿಡಿಸಿದ ಬಸವಾದಿ ಶರಣರ ಮಕ್ಕಳು ನಾವು. ಅಲ್ಲಿ ಹೋಗಿ ದುಡ್ಡು ಕೊಟ್ಟು ಕಾಗದ ತರುತ್ತೇವೆ. "ಕಂಪ್ಯೂಟರಿನಾಗ ಬಂದೈತಿ" ಎಂದು ಗಂಡು ಹೆಣ್ಣು ಒಪ್ಪಿದ ಸಂಬಂಧವನ್ನೂ ಮುರಿಯುತ್ತೇವೆ. ಅಂಥ ಸಾಫ್ಟ್‌ವೇರ್ ಬರೆಯುವುದು ಕಷ್ಟವೇನಲ್ಲ. ಗ್ರಹಗಳ ಸ್ಥಾನದ ಲೆಕ್ಕ ಒಂದು ಕಡೆ ಇಡುತ್ತಾರೆ, ಹಳೆಯ ಪಂಚಾಂಗದ ಫಲವಾಕ್ಯಗಳನ್ನು ಇನ್ನೊಂದು ಕಡೆ ತುಂಬುತ್ತಾರೆ, ಎರಡನ್ನೂ ಜೋಡಿಸುತ್ತಾರೆ. ಮೊದಲು ಬಾಯಲ್ಲಿ ಹೇಳುತ್ತಿದ್ದ ಮೂಢನಂಬಿಕೆ ಈಗ ಅಚ್ಚಾಗಿ ಬರುತ್ತದೆ, ಅಷ್ಟೇ ವ್ಯತ್ಯಾಸ. ಎಂ.ಸಿ.ಎ. ಓದಿದವರು ಇದನ್ನು ಊರಿಗೆ ಬಿಡಿಸಿ ಹೇಳದಿದ್ದರೆ ಮತ್ತಾರು ಹೇಳಬೇಕು?

ಆಯ್ದಕ್ಕಿ ಲಕ್ಕಮ್ಮ ತಾಯಿಯ ಕಥೆ ಇಲ್ಲಿರುವ ಮಕ್ಕಳಿಗೂ ಗೊತ್ತು. ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ನಮಗೆ ಬೇಕಾದದ್ದು ಇಷ್ಟೇ ಎಂದು ಉಳಿದದ್ದನ್ನು ಮರಳಿ ಕಳಿಸಿದ ಮಹಾತಾಯಿ. ಸಾಫ್ಟ್‌ವೇರ್ ಕಾಯಕದವರಿಗೆ ಅದು ದಿನದ ನಿಯಮವಾಗಬೇಕು. ಸಂಘದ ಲೆಕ್ಕಕ್ಕೆ ಹೆಸರು, ಸಂಖ್ಯೆ, ಕಂತು ಸಾಕು. ಜಾತಿ ಏಕೆ? ಫೋಟೋ ಏಕೆ? ಮೊಬೈಲಿನಲ್ಲಿರುವ ಬಂಧುಬಳಗದ ನಂಬರುಗಳೇಕೆ? ಬೇಕಾದದ್ದಕ್ಕಿಂತ ಹೆಚ್ಚು ಕೇಳುವ ಆ್ಯಪು ಹೆಚ್ಚು ಅಕ್ಕಿ ಹೊತ್ತು ತಂದಂತೆ. 2023ರ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯಿದೆಯೂ ಹೇಳಿದ ಉದ್ದೇಶಕ್ಕೆ ಅಗತ್ಯವಿರುವಷ್ಟಕ್ಕೇ ಒಪ್ಪಿಗೆ ಎನ್ನುತ್ತದೆ. ಲಕ್ಕಮ್ಮನವರು ಹನ್ನೆರಡನೆಯ ಶತಮಾನದಲ್ಲೇ ಇದನ್ನು ನಡೆದು ತೋರಿಸಿದ್ದರು.

ಈ ವಿದ್ಯೆ ಹೊಟ್ಟೆಪಾಡಿಗೆ ಮಾತ್ರ ಎಂದೂ ತಿಳಿಯಬೇಡಿರಿ. ಫ.ಗು. ಹಳಕಟ್ಟಿಯವರು ವಕೀಲಿ ವೃತ್ತಿಯವರು. ಊರೂರು ಅಲೆದು ತಾಳೆಗರಿ ಕೂಡಿಸಿ, 1923ರಲ್ಲಿ 'ವಚನಶಾಸ್ತ್ರಸಾರ' ಹೊರತಂದರು. ಅಚ್ಚಿನ ಕೆಲಸಕ್ಕೆ ತಾವೇ ಮುದ್ರಣಾಲಯ ಹಾಕಿದರು. ಅಂದಿನ ಹೊಸ ಯಂತ್ರ ಅಚ್ಚಿನ ಯಂತ್ರ. ಇಂದು 'ವಚನ ಸಂಚಯ'ದಲ್ಲಿ ಒಂದು ಪದ ಕೊಟ್ಟರೆ ಅದು ಯಾವ ಯಾವ ಶರಣರ ವಚನಗಳಲ್ಲಿ ಬಂದಿದೆ ಎಂದು ಮೊಬೈಲಿನಲ್ಲೇ ಕಾಣುತ್ತದೆ. ಅದು ಕನ್ನಡದ ವಿದ್ವಾಂಸರೂ ಸಾಫ್ಟ್‌ವೇರ್ ಬಲ್ಲವರೂ ಕೂಡಿ ಮಾಡಿದ ದಾಸೋಹ.

ನಮ್ಮ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಪಾಟೀಲರ ಮುಂದಾಳತ್ವದಲ್ಲಿ ಸಹಕಾರ ಸಂಘ ಹುಟ್ಟಿತು. ಸಹಕಾರ ಸಂಘದ ಲೆಕ್ಕ ಸದಸ್ಯರ ಲೆಕ್ಕ. ಅದು ವಹಿಯಲ್ಲಿರಲಿ, ಮೊಬೈಲಿನಲ್ಲಿರಲಿ, ಸದಸ್ಯರಿಗೆ ತಿಳಿಯುವಂತಿರಬೇಕು. ಆದ್ದರಿಂದ ನನ್ನ ವಿನಂತಿಗಳು ಮೂರು.

ಒಂದು, ಮಠದ ಒಂದು ಕೋಣೆಯಲ್ಲಿ ನಾಲ್ಕು ಕಂಪ್ಯೂಟರು ಇಟ್ಟು, ಸಂಜೆ ಎಲ್ಲ ಓಣಿಯ, ಎಲ್ಲ ಜಾತಿಯ ಮಕ್ಕಳಿಗೂ ತೆರೆಯಬೇಕು. ಒಂದನ್ನು ನಾನು ಕೊಡುತ್ತೇನೆ. ತಿಂಗಳಿಗೆರಡು ಭಾನುವಾರ ಬಂದು ಪಾಠವನ್ನೂ ಹೇಳುತ್ತೇನೆ. ಎರಡು, ಪಿ.ಜಿ.ಸಿ.ಇ.ಟಿ. ಬರೆಯುವ ಹೆಣ್ಣುಮಕ್ಕಳ ಅರ್ಜಿಯ ಶುಲ್ಕವನ್ನು ದಾಸೋಹದ ಹಣದಿಂದ ಕೊಡಬೇಕು. ಮೂರು, ಊರಿನ ಯಾವ ಸಂಘವೂ ಯಂತ್ರ ಬಂತೆಂದು ವಹಿಯನ್ನು ಮುಚ್ಚಬಾರದು. ತಿಂಗಳಿಗೊಮ್ಮೆ ಲೆಕ್ಕವನ್ನು ಗಟ್ಟಿಯಾಗಿ ಓದಬೇಕು, ಓದು ಬಾರದವರಿಗೂ ಕೇಳಿಸುವಂತೆ.

ಆ ಮೂರನೆಯ ಮಾತು ನನ್ನದಲ್ಲ. ಕೆಳಗಿನ ಓಣಿಯ ಆ ತಾಯಿ ಅಂದಿನ ಸಭೆಯಲ್ಲಿ ಮಾಡಿಸಿದ ಠರಾವು. ಈಗ ಸಂಘದ ಲೆಕ್ಕ ಮೊಬೈಲಿನಲ್ಲೂ ಇದೆ, ವಹಿಯಲ್ಲೂ ಇದೆ. ಪ್ರತಿಯೊಬ್ಬರಿಗೂ ಒಂದೊಂದು ಸಂಖ್ಯೆಯಿದೆ. ಆಕೆಯದು ಒಂದನೆಯ ಸಂಖ್ಯೆ. ಇಲ್ಲೇ ಮುಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅವರಿಗೆ ಮತ್ತೊಮ್ಮೆ ಶರಣೆಂದು ನನ್ನ ಮಾತು ಮುಗಿಸುತ್ತೇನೆ.